ಮನ್ಸನಿಯಾಲ್ ಕೊಂಬೆಯ ಹೊಗೆ

"ನಿನಗೆ ಕಣ್ಣಿಲ್ವೇನೇ ಅಬೆಲೀನ? ಹೊಗೆ ಎದ್ದಾಗ ಅವಳೂ ಅಲ್ಲೇ ಇದ್ಲು. ಅವಳ ಮುಖದ ಮೇಲೆ ಒಂದು ಗುಳ್ಳೆ ಇದೆಯಾ? ಕಣ್ಣು ಕೆಂಪಾಗಿದೆಯಾ? ನನ್ನ ತಮ್ಮನೊಬ್ಬನಿಗೇ ಯಾಕೆ ಬಡೀಬೇಕಿತ್ತು ಅದು?"

ಒತಿಲಿಯಾ ಜೋಳದ ಹಿಟ್ಟಿನ ಉಂಡೆಯನ್ನು ಅಂಗೈಗಳ ನಡುವೆ ತಟ್ಟುತ್ತಿದ್ದಳು. ತಟ್ಟುವ ರಭಸ ನೋಡಿದರೆ ತಮ್ಮನ ಹೆಂಡತಿ ಮಿರ್ತಾಳ ಕೆನ್ನೆಯೇ ಅವಳ ಕೈಗೆ ಸಿಕ್ಕಿದಂತಿತ್ತು. ತೊರ್ತಿಯ ರೊಟ್ಟಿ ಹೆಂಚಿನ ಮೇಲೆ ಬಿದ್ದು ಚುರ್ ಎಂದಿತು.

ತನಿಖಾಧಿಕಾರಿ ಅಬೆಲೀನ ವಿಯಾಲೆಸ್ ಒಲೆಯ ಪಕ್ಕದ ಮಣೆಯ ಮೇಲೆ ಕೂತು ಸುಮ್ಮನೆ ಕೇಳುತ್ತಿದ್ದಳು. ಭಾನುವಾರ ಕಡಲ ದಂಡೆಯಲ್ಲಿ ಮೀನು ಸುಡುವ ಬೆಂಕಿಗೆ ಯಾರೋ ವಿಷದ ಕೊಂಬೆ ತುರುಕಿದ್ದರು. ಒತಿಲಿಯಾಳ ತಮ್ಮ ದಗೊಬೆರ್ತೊ ಲೆಯಾಲ್ ಮೇಷ್ಟರ ಎರಡೂ ಕಣ್ಣು ಆ ಹೊಗೆಗೆ ಮುಚ್ಚಿಹೋಗಿದ್ದವು. ಬೆಂಕಿ ಹಚ್ಚಿದ್ದ ಅತಿಥಿ ಫಬ್ರಿಸಿಯೊ ಠಾಣೆಯಲ್ಲಿದ್ದ.

"ಮಾತಾಪಾಲೊ ಬಳ್ಳಿ ನೋಡಿದೀಯಲ್ಲ?" ಒತಿಲಿಯಾ ಧ್ವನಿ ತಗ್ಗಿಸಿದಳು. "ಮೊದಲು ಪಾಪದ ಹಾಗೆ ಮರಕ್ಕೆ ಒರಗತ್ತೆ. ಆಮೇಲೆ ತಬ್ಕೊಳ್ಳತ್ತೆ. ಕೊನೆಗೆ ನೋಡಿದ್ರೆ ಒಳಗೆ ಮರಾನೇ ಇರಲ್ಲ. ನಾನೂ ನನ್ನ ತಮ್ಮನೂ ಹುಟ್ಟಿದ ಊರಿಗೇ ಆ ಬಳ್ಳಿ ಹೆಸರು. ನನಗೆ ಗೊತ್ತಾಗಲ್ವಾ? ಆ ಕಾರ್ತಗೊ ಬೆಟ್ಟದ ಹೆಣ್ಣು ಮನೆಗೆ ಕಾಲಿಟ್ಟ ದಿನಾನೇ ಹೇಳಿದೆ. ಅವನು ಕೇಳಲಿಲ್ಲ. ಅಷ್ಟು ವರ್ಷ ನಾನು ಬೇಯಿಸಿ ಹಾಕಿದ ಅನ್ನ ಅವಳು ಬಂದ ವಾರಕ್ಕೇ ಉಪ್ಪಾಗಿಹೋಯ್ತು ಅವನಿಗೆ."

ಅಬೆಲೀನ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಸರಿಸಿದಳು. ಒಳಗೆ ಅರ್ಧ ಸುಟ್ಟ ಕೊಂಬೆ. ಸುಡದ ತುದಿಯಲ್ಲಿ ಹಾಲು ಒಸರಿ, ಒಣಗಿ, ಕಪ್ಪು ಅಂಟಾಗಿತ್ತು. ಅಂಟಿಕೊಂಡಿದ್ದ ಒಂದೇ ಒಂದು ಎಲೆ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು.

ಒತಿಲಿಯಾ ಹಿಂದಕ್ಕೆ ಸರಿದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಮುಚ್ಚು, ಮುಚ್ಚು ಅದನ್ನ. ಮನ್ಸನಿಯೊ ಮರದ್ದು! ಅಡಿಗೆಮನೆಗೆ ತರೋ ವಸ್ತುವಾ ಅದು?"

"ಇದು ಎಲ್ಲಿ ಬೆಳೆಯುತ್ತೆ, ಒತಿಲಿಯಕ್ಕ?"

"ಇಲ್ಲಿ ಎಲ್ಲೂ ಇಲ್ಲ. ನಾನು ಹುಡುಗಿಯಾಗಿದ್ದಾಗ ಬ್ರಿಸೇನ್ಯೊ ಮನೆ ಮಕ್ಕಳು ಮಳೆ ಅಂತ ಆ ಮರದ ಕೆಳಗೆ ನಿಂತು ಮೈಯೆಲ್ಲ ಸುಲಿದುಕೊಂಡು ಬಂದ್ವು. ಎಲೆಯಿಂದ ತೊಟ್ಟಿಕ್ಕೋ ನೀರು ಸಾಕು, ಚರ್ಮ ಬೇಯತ್ತೆ. ಮಾರನೇ ದಿನ ಗಂಡಸರೆಲ್ಲ ಸೇರಿ ದಂಡೆ ಉದ್ದಕ್ಕೂ ಕಡಿದು ಹಾಕಿದ್ರು. ಸುಡೋ ಹಾಗಿಲ್ಲವಲ್ಲ, ಮರಳಲ್ಲಿ ಹೂತ್ರು. ಆಮೇಲೆ ನಾನಂತೂ ಒಂದೂ ನೋಡಿಲ್ಲ."

"ಹಾಗಾದ್ರೆ ಮಿರ್ತಾ ಇದನ್ನ ಎಲ್ಲಿಂದ ತಂದ್ಲು?"

ಹೆಂಚಿನ ಮೇಲಿನ ತೊರ್ತಿಯ ಸೀಯತೊಡಗಿತು. "ಅವನು ತಂದುಕೊಟ್ಟಿರ್ತಾನೆ. ಆ ಎಲೆ ಡಾಕ್ಟರು. ಅವನು ಬರೋ ದಿನ ಅವಳು ಹಳದಿ ಅಂಗಿ ಹಾಕ್ಕೊಳ್ತಾಳೆ, ಗೊತ್ತಾ ನಿನಗೆ? ಊರಿಗೆಲ್ಲ ಗೊತ್ತು."

*

ಎಲೆ ಡಾಕ್ಟರು ಅಂದರೆ ಫಬ್ರಿಸಿಯೊ ಸೊಲೋರ್ಸನೊ, ಸಸ್ಯಶಾಸ್ತ್ರ ಓದಿದವನು. ರಾಜಧಾನಿಯಿಂದ ಬಂದು, ಈ ಪರ್ಯಾಯ ದ್ವೀಪದ ಊರು, ಹಳ್ಳ, ದಿಣ್ಣೆಗಳ ಹೆಸರುಗಳನ್ನೆಲ್ಲ ಒಂದು ನಕ್ಷೆಗೆ ಇಳಿಸುತ್ತಿದ್ದ. ಇಲ್ಲಿ ಮುಕ್ಕಾಲು ಹೆಸರು ಮರಗಿಡಗಳದ್ದೇ ಆದ್ದರಿಂದ ಆ ಕೆಲಸಕ್ಕೆ ಗಿಡ ಬಲ್ಲವನನ್ನೇ ಕಳಿಸಿದ್ದರು. ಠಾಣೆಯ ಒಳಕೋಣೆಯಲ್ಲಿ ಕೂತಿದ್ದರೂ ಅವನ ಕೂದಲು ಬಾಚಿದಂತೆಯೇ ಇತ್ತು. ಬಿಸಿಲಿಗೆ ಮೂಗಿನ ಚರ್ಮ ಸುಲಿದಿದ್ದು ಬಿಟ್ಟರೆ ಮುಖ ಅಚ್ಚುಕಟ್ಟಾಗಿತ್ತು. ಕಣ್ಣುಗಳು ತೊಳೆದಿಟ್ಟ ಹಾಗೆ ಸ್ವಚ್ಛ.

ಅಬೆಲೀನ ಮೊದಲು ನೋಡಿದ್ದು ಆ ಕಣ್ಣುಗಳನ್ನೇ.

"ಬೆಂಕಿ ಹಚ್ಚಿದ್ದು ನಾನೇ, ಮೇಡಂ. ಆವತ್ತೇ ಹೇಳಿದ್ದೀನಿ. ಒಣಗಿದ ಗ್ವಾಸಿಮೊ ಸೌದೆ, ನಾನೇ ಆಯ್ದು ತಂದದ್ದು. ಹಸಿ ಕೊಂಬೆ ಹಾಕಿದ್ದು ನಾನಲ್ಲ."

"ಅದು ಹೊಗೆಯಾಡೋವಾಗ ನೀವೆಲ್ಲಿದ್ರಿ?"

"ಇನ್ನೆರಡು ಮೀನು ತೊಳೆಯೋಕೆ ನೀರಿನ ಹತ್ರ ಹೋಗಿದ್ದೆ."

"ಮಿರ್ತಾ?"

"ಮಿರ್ತಾ ನಿಂಬೆಹಣ್ಣು ಹೆಚ್ತಾ..." ಅವನು ತಡೆದು, "ದೋನ್ಯಾ ಮಿರ್ತಾ ನಿಂಬೆಹಣ್ಣು ಹೆಚ್ತಾ ಇದ್ರು" ಎಂದ. ಆ ಗೌರವದ 'ದೋನ್ಯಾ' ತಡವಾಗಿ ಬಂತು, ಇಗರ್ಜಿಯೊಳಗೆ ಹೋದ ಮೇಲೆ ನೆನಪಾಗಿ ಟೋಪಿ ತೆಗೆಯುವವನ ಹಾಗೆ.

"ಮೇಷ್ಟರಿಗೂ ನಿಮಗೂ ಯಾವುದರ ಮೇಲೆ ಜಗಳ?"

ಫಬ್ರಿಸಿಯೊ ನಕ್ಕ. "ಹೆಸರಿನ ಮೇಲೆ. ರೇಡಿಯೊದಲ್ಲಿ ವಾರವಾರ ಮಾತಾಡ್ತಾರಲ್ಲ ಅವರು, ಈ ಊರಿಗೆ ಈ ಹೆಸರು ಯಾಕೆ ಬಂತು ಅಂತ? ಜನ ಅವರನ್ನ ದೇವರ ಹಾಗೆ ನೋಡ್ತಾರೆ. ನಕ್ಷೆ ಅಚ್ಚಾದ ಮೇಲೆ ಅದರ ಮೇಲಿರೋದು ನನ್ನ ಹೆಸರು. ಕೆಳಗೆ ಮೂಲೇಲಿ ಸಣ್ಣಕ್ಷರದಲ್ಲಿ, ಸ್ಥಳೀಯ ನೆರವು: ಡಿ. ಲೆಯಾಲ್. ಅದನ್ನ ತೋರಿಸಿದ ದಿನದಿಂದ ಅವರು ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ."

"ಸಣ್ಣಕ್ಷರದಲ್ಲಿ ಹಾಕ್ಸಿದ್ದು ಯಾರು?"

"ಕಚೇರಿ ಪದ್ಧತಿ." ಅವನು ಉಗುರು ನೋಡಿಕೊಂಡ. "ಅದೂ ಅಲ್ಲದೆ ಅವರು ನನಗೆ ಪೂರ್ತಿ ಎಲ್ಲಿ ಕೊಟ್ರು? ಪೊಚೊತಾಲ್, ಹೊಬಾಲ್, ಕೊಯೊಲಾರ್... ಇವೆಲ್ಲ ದಾರಿಹೋಕರಿಗೂ ಗೊತ್ತಿರೋ ಹೆಸರು. ಅಳಿವೆಯ ಆಚೆ ದಡದ ಬಗ್ಗೆ ಕೇಳಿದ್ರೆ ಈಚೆ ದಡ ತೋರಿಸ್ತಿದ್ರು. ಒಂದು ದಿನ ದೋಣೀಲಿ ಹೋಗೋವಾಗ ಆಚೆ ಒಂದು ಕಪ್ಪು ಹಸಿರಿನ ಗುಂಪು ಕಂಡಿತು. ಅದಕ್ಕೇನಂತಾರೆ ಅಂದೆ. 'ಮನ್ಸನಿಯಾ' ಅಂದ್ರು. ಯಾವಳೋ ಮುದುಕಿ ಚಹಾಕ್ಕೆ ಅಂತ ಆ ಹೂವಿನ ಗಿಡ ಬೆಳೀತಿದ್ಲಂತೆ, ಈಗೇನೂ ಇಲ್ಲವಂತೆ. ಹಾಗೇ ಗುರುತು ಹಾಕಿದೆ."

ಅಬೆಲೀನ ತಲೆ ಎತ್ತಿದಳು. "ಮನ್ಸನಿಯಾ ಹೂವು? ಈ ಸೆಖೆಯಲ್ಲಿ?"

ಮನ್ಸನಿಯಾ ಅಂದರೆ ಬಿಳಿ ಎಸಳಿನ ಪುಟ್ಟ ಹೂವು. ಹೊಟ್ಟೆನೋವಿಗೆ ಕುದಿಸಿ ಕುಡಿಯುವಂಥದ್ದು. ಕಾರ್ತಗೊದ ಮಂಜಿನ ದಿಣ್ಣೆಗಳಲ್ಲಿ ಬೆಳೆಯುವ ಗಿಡ ಈ ಉಪ್ಪುಗಾಳಿಯ ಮರಳಿನಲ್ಲಿ ವಾರ ಕೂಡ ಬದುಕುವುದಿಲ್ಲ.

"ನಂಬಿದ್ರಾ ನೀವು? ಗಿಡ ಓದಿದವರು?"

ಫಬ್ರಿಸಿಯೊನ ಕಿವಿ ಕೆಂಪಾದವು. "ಆ ದಿನ ನನ್ನ ಗಮನ ಅಲ್ಲಿರಲಿಲ್ಲ. ದೋಣೀಲಿ ಇನ್ನೊಬ್ಬರಿದ್ರು."

"ಹಳದಿ ಅಂಗಿ?"

ಅವನು ಮತ್ತೆ ಉಗುರು ನೋಡಿಕೊಂಡ.

ಅಬೆಲೀನ ಎದ್ದು ಜೀಪಿನತ್ತ ನಡೆದಳು. ತಲೆಯೊಳಗೆ ಹಳೆಯದೊಂದು ಧ್ವನಿ ಪಾಠ ಹೇಳುತ್ತಿತ್ತು. ಪೊಚೊತೆ ಮರದ ಮುಳ್ಳು ಕಾಂಡಕ್ಕೆ ಕರಿಹಲಗೆ ನೇತುಹಾಕಿ ದಗೊಬೆರ್ತೊ ಮೇಷ್ಟರು ಅವಳಿಗೆ ಕಲಿಸಿದ ಪಾಠ: "ನಮ್ಮೋರು ಹೆಸರನ್ನ ಆಕಾಶದಿಂದ ತರಲಿಲ್ಲ ಮಕ್ಕಳೇ, ಕಾಲಡಿಯಿಂದ ಎತ್ಕೊಂಡ್ರು. ಒಂದು ಮರ ಇದ್ರೆ ಮರದ ಹೆಸರು. ಹೆಸರಿನ ಬಾಲದಲ್ಲಿ 'ಆಲ್' ಅಂತ ಬಂದ್ರೆ ತೋಪು. ಪೊಚೊತಾಲ್, ಪೊಚೊತೆ ತೋಪು. ಹೊಬಾಲ್, ಹೊಬೊ ತೋಪು. ಬೆಸ್ತರು ಮಾತಾಡೋವಾಗ ಬಾಲ ನುಂಗಿಬಿಡ್ತಾರೆ. ಹೊಬಾ ಅಂತಾರೆ, ಪೊಚೊತಾ ಅಂತಾರೆ. ನೀವು ನುಂಗಬೇಡಿ."

ಬೆಸ್ತರು ಬಾಲ ನುಂಗಿದರೆ ಮನ್ಸನಿಯಾ. ಬಾಲ ಸೇರಿಸಿದರೆ ಮನ್ಸನಿಯಾಲ್.

ಮನ್ಸನಿಯೊ ಮರಗಳ ತೋಪು.

ಅವಳು ಜೀಪನ್ನು ಅಳಿವೆಯ ಕಡೆ ತಿರುಗಿಸಿದಳು. ಮೇಷ್ಟರು ಊರಿನ ಪ್ರತಿ ಹಳ್ಳದ ಹೆಸರನ್ನೂ ಅವಳಿಗೆ ಬಾಯಿಪಾಠ ಮಾಡಿಸಿದ್ದರು. ತರಗತಿಯಲ್ಲಿ ಅವಳೇ ಮೊದಲಿನವಳು. ಆದರೂ ಈ ಒಂದು ಹೆಸರನ್ನು ಅವಳಿಗೆ ಹೇಳಿರಲಿಲ್ಲ. ತನಿಖೆಯ ನಡುವೆ ಇಂಥದ್ದಕ್ಕೆ ನೊಂದುಕೊಂಡದ್ದು ಅವಳಿಗೇ ನಾಚಿಕೆಯೆನಿಸಿತು.

*

ನೀರು ಇಳಿದಿತ್ತು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಅಬೆಲೀನ ಅಳಿವೆ ದಾಟಿದಳು. ಆಚೆ ದಡದಲ್ಲಿ ಕಾಂಡ್ಲಾ ಗಿಡಗಳ ಬೇರು ಹಾಯ್ದು ಮೇಲೆ ಹತ್ತಿದರೆ ಒಂದು ಮರಳು ದಿಬ್ಬ. ದಿಬ್ಬದ ಮೇಲೆ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ತೋಪು ಈಗ ತೋಪಾಗಿ ಉಳಿದಿರಲಿಲ್ಲ. ಬೆರಳೆಣಿಕೆಯ ಮರಗಳು. ನೆಲದ ತುಂಬ ಹಸಿರು ಹಳದಿ ಹಣ್ಣು, ಪುಟ್ಟ ಸೇಬಿನಂತೆ, ಒಳ್ಳೆ ಘಮ. ಕೋತಿಯೊಂದೂ ಕಚ್ಚಿರಲಿಲ್ಲ, ಏಡಿಗಳು ಮಾತ್ರ ಓಡಾಡುತ್ತಿದ್ದವು.

ಅವಳು ಯಾವುದನ್ನೂ ಮುಟ್ಟದೆ ಸುತ್ತು ಬಂದಳು. ಮೂರನೆಯ ಮರದಲ್ಲಿ, ಎದೆಯೆತ್ತರದಲ್ಲಿ, ಹೊಸದಾಗಿ ಕಡಿದ ಗಾಯ. ಒಂದೇ ಏಟಿಗೆ ಕಡಿದದ್ದು. ಕತ್ತಿ ಹಿಡಿದು ಬೆಳೆದ ಕೈ. ಗಾಯದ ಕೆಳಗೆ ಹಾಲು ಇಳಿದು ಕಪ್ಪಾಗಿತ್ತು. ಪಕ್ಕದ ಮುಳ್ಳಿಗೆ ಗೋಣಿನಾರಿನ ಎಳೆಗಳು ಸಿಕ್ಕಿಕೊಂಡಿದ್ದವು. ಕೊಂಬೆಯನ್ನು ಗೋಣಿಯಲ್ಲಿ ಸುತ್ತಿ, ಹೊತ್ತುಕೊಂಡು, ನೀರು ದಾಟಿದ್ದಾರೆ.

ಹೊತ್ತುಕೊಂಡು.

ಅಬೆಲೀನ ಆ ಪದವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಹೊತ್ತವರು ಮೈಮೇಲೆ ಎಲ್ಲಿ ಹೊತ್ತಿರಬಹುದು?

*

ಮೇಷ್ಟರ ಮನೆಯ ಜಗಲಿಯಲ್ಲಿ ಹಗ್ಗದ ತೂಗುಮಂಚ ನಿಧಾನ ತೂಗುತ್ತಿತ್ತು. ಅದರಲ್ಲಿ ಮಲಗಿದ್ದ ಮೇಷ್ಟರ ಕಣ್ಣಿನ ಮೇಲೆ ದಪ್ಪ ಪಟ್ಟಿ. ತುಟಿಗಳು ಒಡೆದಿದ್ದವು. ಬಲಗಣ್ಣು ಬಂದರೂ ಬರಬಹುದು, ಎಡಗಣ್ಣಿನ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಬೆಳಿಗ್ಗೆ ಹೇಳಿ ಹೋಗಿದ್ದರು. ಮಿರ್ತಾ ಪಕ್ಕದಲ್ಲಿ ಮೊಣಕಾಲೂರಿ, ಬೋಗುಣಿಯಲ್ಲಿ ಬಟ್ಟೆ ಅದ್ದಿ ಹಿಂಡುತ್ತಿದ್ದಳು.

ಅಂಗಳದಲ್ಲಿ ಹೆಜ್ಜೆ ಸದ್ದಾಗುತ್ತಲೇ ತೂಗುಮಂಚ ನಿಂತಿತು.

"ಯಾರೇ ಅದು? ಗಂಡಸಾ?"

"ನಾನು ಮೇಷ್ಟ್ರೇ, ಅಬೆಲೀನ."

"ನೀನಾ? ಬಾ. ಕೂತ್ಕೋ." ಅವರು ಕೈಯಾಡಿಸಿ ಗಾಳಿಯಲ್ಲಿ ಅವಳನ್ನು ಹುಡುಕಿದರು. "ಒಂದು ನಿಜ ಹೇಳು ನನಗೆ. ನೀನು ಸುಳ್ಳು ಹೇಳೋಳಲ್ಲ. ಇವಳು ಈಗ ಯಾವ ಅಂಗಿ ಹಾಕ್ಕೊಂಡಿದಾಳೆ? ಹಳದೀದಾ?"

ಮಿರ್ತಾ ತಲೆ ಎತ್ತಲಿಲ್ಲ. ಅವಳು ಹಾಕಿದ್ದು ಮಾಸಲು ಕಂದು ಬಟ್ಟೆ. ತೋಳಿನ ಮೇಲೆ ಔಷಧದ ಕಲೆ.

"ಕಂದು ಬಣ್ಣದ್ದು ಮೇಷ್ಟ್ರೇ."

"ದಿನಕ್ಕೆ ಎಷ್ಟು ಸಲ ಕೇಳ್ತಾರೆ ಗೊತ್ತಾ?" ಮಿರ್ತಾಳ ಧ್ವನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನಾನು ಅಂದ್ರೆ ನಂಬಲ್ಲ. ಹಾಲು ಕೊಡೋಕೆ ಬಂದವಳನ್ನ ಕೇಳಿದ್ರು, ಅತ್ತಿಗೇನ ಕೇಳಿದ್ರು. ಪಾದ್ರಿಗಳು ನೋಡೋಕೆ ಬಂದ್ರೆ ಅವರನ್ನೂ ಕೇಳಿದ್ರು."

"ನೀನು ನಗ್ತಿದ್ರೂ ನನಗೆ ಕಾಣಲ್ಲ ಈಗ. ಕೇಳ್ದೆ ಇನ್ನೇನು ಮಾಡ್ಲಿ?"

"ನಗೋ ಹಾಗೆ ಇಟ್ಟಿದೀರಾ ನೀವು ನನ್ನ?" ಎಂದು ಮಿರ್ತಾ ಅವರ ಬೆವೆತ ಅಂಗಿಯ ಗುಂಡಿ ಬಿಚ್ಚತೊಡಗಿದಳು. "ಎದ್ದೇಳಿ. ಬೇರೆ ಅಂಗಿ ಹಾಕ್ತೀನಿ."

ಅಂಗಿ ಜಾರಿತು. ಅಬೆಲೀನಳಿಗೆ ಬೇಕಾಗಿದ್ದು, ಕಾಣದಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದದ್ದು, ಕಣ್ಣೆದುರಿಗೇ ಇತ್ತು. ಮೇಷ್ಟರ ಬಲ ಹೆಗಲಿನಿಂದ ಬೆನ್ನಿನವರೆಗೆ, ಕೈಯಗಲದ ಒಂದು ಪಟ್ಟೆ. ಗುಳ್ಳೆ ಎದ್ದು ಒಡೆದು ಹಸಿಯಾಗಿತ್ತು.

"ಇದನ್ನ ಡಾಕ್ಟರಿಗೆ ತೋರಿಸಿದ್ರಾ?"

"ಹೊಗೆ ತಗುಲಿದ್ದು ಅಂದ್ರು ಇವರು," ಎಂದಳು ಮಿರ್ತಾ. "ತೋರಿಸೋದು ಬೇಡ ಅಂದ್ರು."

"ಹೊಗೆ ಅಂಗಿಯೊಳಗೆ ನುಗ್ಗಿ ಹೆಗಲ ಮೇಲೆ ಗೆರೆ ಎಳೆಯಲ್ಲ, ಮೇಷ್ಟ್ರೇ."

ದಗೊಬೆರ್ತೊ ಜಾರಿದ ಅಂಗಿಗಾಗಿ ಕೈಯಾಡಿಸಿದರು. ಗಾಳಿ ಬೀಸಿ ಅಂಗಳದ ಕೊರ್ತೆಸ ಮರದಿಂದ ಹಳದಿ ಹೂವು ಉದುರಿದವು.

"ನಾನು ಮನ್ಸನಿಯಾಲ್‌ಗೆ ಹೋಗಿ ಬಂದೆ."

ಅವರ ಒಡೆದ ತುಟಿ ಅಲುಗಿತು. ಅಲ್ಲಿ ಒಂದು ನಗೆಯ ಗೆರೆ ಮೂಡಿದ್ದನ್ನು ಅಬೆಲೀನ ನೋಡಿದಳು. "ಬಾಲ ಸೇರಿಸಿ ಹೇಳ್ದೆ ನೀನು."

"ನೀವೇ ಕಲಿಸಿದ್ದು."

"ಅವನಿಗೆ ಗೊತ್ತಾಗಲಿಲ್ಲ ನೋಡು. ಅಷ್ಟು ದೊಡ್ಡ ಓದು. ಮನ್ಸನಿಯಾ ಅಂದ್ರೆ ಹೂವು ಅಂತ ಗುರುತು ಹಾಕ್ಕೊಂಡ!"

"ನನಗೆ ಯಾಕೆ ಹೇಳ್ಲಿಲ್ಲ ಆ ಹೆಸರು?" ಎಂದಳು ಅಬೆಲೀನ. ಕೇಳಬೇಕೆಂದು ಬಂದದ್ದು ಆ ಪ್ರಶ್ನೆಯಲ್ಲ. ಬಾಯಿಗೆ ಬಂದದ್ದು ಅದು.

"ಯಾರಿಗೂ ಹೇಳ್ಲಿಲ್ಲ. ನಮ್ಮಪ್ಪ ನನಗೆ ತೋರಿಸಿದ ಜಾಗ. ಜನಕ್ಕೆ ಗೊತ್ತಾದ್ರೆ ಅದನ್ನೂ ಕಡಿದುಹಾಕ್ತಾರೆ, ಹೆಸರೂ ಸಾಯುತ್ತೆ. ಇವಳೊಬ್ಬಳಿಗೆ ಮಾತ್ರ ಹೇಳಿದೀನಿ."

ಮಿರ್ತಾ ಬಟ್ಟೆಯನ್ನು ಬೋಗುಣಿಗೆ ಬಿಟ್ಟಳು. "ಹೇಳಿದ್ದು ಹೇಗೆ ಅಂತಾನೂ ಹೇಳಿ. ಮದುವೆಯಾಗಿ ಬಂದ ಹೊಸತು, ಅಬೆಲೀನ. ಈ ಸೆಖೆ, ಈ ಸೊಳ್ಳೆ. ಊರು ನೆನಪಾಗಿ ಅಳ್ತಿದ್ದೆ. ಬೆಸ್ತರು ಯಾರೋ, ಅಲ್ಲೇನಿದೆ ಅಂತ ತಮಗೇ ಗೊತ್ತಿಲ್ಲದೆ, ಅಳಿವೆ ಆಚೆ ಮನ್ಸನಿಯಾ ಅಂತ ಜಾಗ ಇದೆ ಅಂದ್ರು. ನಮ್ಮಮ್ಮನ ಹಿತ್ತಲಿನ ಹೂವು ಇಲ್ಲೂ ಇದೆ ಅಂತ ನಾನು ಬುಟ್ಟಿ ಹಿಡ್ಕೊಂಡು ಹೊರಟೆ. ಇವರು ಬಿದ್ದು ಬಿದ್ದು ನಕ್ರು. ಕರ್ಕೊಂಡು ಹೋಗಿ ಮರ ತೋರಿಸಿದ್ರು. 'ಕುದಿಸಿ ಕುಡಿ, ಕಾರ್ತಗೊದವಳೇ' ಅಂದ್ರು. ಆಮೇಲೆ ಜಾಗದ ಹೆಸರು ಬಿಟ್ಟು ಉಳಿದದ್ದೆಲ್ಲ ನೆಂಟರ ಮುಂದೆ ಆಡ್ಕೊಂಡು ನಕ್ರು. ಫಬ್ರಿಸಿಯೊ ಒಬ್ಬನೇ ನಗಲಿಲ್ಲ. ಮುಂದಿನ ಸಲ ಬರೋವಾಗ ಪೇಟೆಯಿಂದ ಒಂದು ಪೊಟ್ಟಣ ಮನ್ಸನಿಯಾ ಹೂವು ತಂದುಕೊಟ್ಟ."

"ಕೇಳಿದ್ಯಾ?" ದಗೊಬೆರ್ತೊ ತೂಗುಮಂಚದ ಹಗ್ಗ ಬಿಗಿಯಾಗಿ ಹಿಡಿದರು. "ಕೇಳಿದ್ಯಾ ಅಬೆಲೀನ ಆ ಧ್ವನೀನ? ಒಂದು ಪೊಟ್ಟಣ ಒಣಹೂವಿಗೆ! ನಾನು ಈ ಇಡೀ ಕರಾವಳಿ ಹೆಸರನ್ನೆಲ್ಲ ಅವಳ ಮುಂದೆ ಸುರಿದೆ. ಒಂದು ದಿನಾನೂ ಹಾಗೆ ಮಾತಾಡಿಲ್ಲ ನನ್ನ ಬಗ್ಗೆ."

"ಕೊಂಬೆ ಕಡಿದದ್ದು ನೀವು."

"ನಾನೇ." ಮಾತು ಎಷ್ಟು ಸಲೀಸಾಗಿ ಬಂತೆಂದರೆ ಮಿರ್ತಾ ಬೆಚ್ಚಿ ಅವರ ಮುಖ ನೋಡಿದಳು. "ಗೋಣಿ ಸುತ್ತಿದ್ದೆ. ಹಾಲು ಒಳಗೇ ಇಳೀತು. ಹೆಗಲು ಉರಿಯೋವಾಗಲೂ ನಗ್ತಾ ಇದ್ದೆ ನಾನು, ದಂಡೇಲಿ. ಅವನ ಜೊತೆ ತಮಾಷೆ ಮಾತಾಡ್ತಾ ಇದ್ದೆ."

"ಯಾಕೆ?"

"ಅವನ ಮುಖ ಊದ್ಕೋಬೇಕಿತ್ತು. ನಾಲ್ಕು ದಿನ. ಹಂದಿ ಹಾಗೆ ಊದ್ಕೊಂಡು, ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಇವಳು ಅದನ್ನ ನೋಡಬೇಕಿತ್ತು. ಅಷ್ಟೇ. ನನ್ನ ಹೆಸರನ್ನ ಮೂಲೇಲಿ ಸಣ್ಣಕ್ಷರ ಮಾಡಿದ. ನನ್ನ ಮನೇಲಿ ನನ್ನನ್ನೇ ಸಣ್ಣಕ್ಷರ ಮಾಡಿದ."

ಮಿರ್ತಾ ಎದ್ದು ನಿಂತಳು. ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಮೂರು ರಾತ್ರಿ ನಿಮ್ಮ ಪಟ್ಟಿ ಬದಲಾಯಿಸಿದೀನಿ ನಾನು," ಎಂದಳು ಮೆಲ್ಲಗೆ. "ಅವನೇ ಮಾಡಿದ್ದು ಅಂತ ನನ್ನ ಹತ್ರ ಆಣೆ ಹಾಕಿದ್ರಿ."

ಅಬೆಲೀನಳ ಮನಸ್ಸು ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು. ಕಡಿದವರು ಸಿಕ್ಕಿದ್ದರು. ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ.

"ಮೇಷ್ಟ್ರೇ, ಈ ತಿಂಗಳು ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ. ದಿಕ್ಕು ತಪ್ಪಲ್ಲ. ನಿಮಗದು ನನಗಿಂತ ಚೆನ್ನಾಗಿ ಗೊತ್ತು. ಹೊಗೆ ಹೋಗೋ ಕಡೆ ನೀವು ಹೇಗೆ ನಿಂತ್ರಿ?"

"ನಾನು ನೆಲದ ಕಡೇನೇ ಕೂತಿದ್ದೆ. ಕಡಲ ಕಡೆ ಅವನ ಜಾಗ, ಮೀನು ತಿರುವೋಕೆ. ಅವನು ಅತ್ತ ತಿರುಗಿದಾಗ ಕೊಂಬೆ ಒಳಗೆ ತಳ್ಳಿ ಬಂದು ಕೂತೆ. ಹೊಗೆ ಏಳೋದನ್ನೇ ಕಾಯ್ತಾ ಇದ್ದೆ. ಎದ್ದಿತು. ನೋಡಿದ್ರೆ ಅವನು ಅಲ್ಲಿಲ್ಲ."

"ಆಮೇಲೆ?"

"ಆಮೇಲೆ ಇವಳು ಕೂಗಿದ್ಲು. ಹೊಗೆಯಿಂದ ಆಚೆ, ಪಕ್ಕಕ್ಕೆ ನಿಂತು. 'ದಗೊ, ಬೇಗ ಬಾ, ಮೀನು ಸೀದುಹೋಗ್ತಿದೆ.'" ಅವರು ಒಡೆದ ತುಟಿ ಸವರಿಕೊಂಡರು. "ಮದುವೆ ಆದ ಹೊಸದರಲ್ಲಿ ಹಾಗೆ ಕೂಗ್ತಿದ್ಲು. ದಗೊ ಅಂತ. ಎಷ್ಟೋ ಕಾಲ ಆಗಿತ್ತು ಕೇಳಿ. ಕೊಂಬೆ ನೆನಪೇ ಆಗಲಿಲ್ಲ ನನಗೆ. ಓಡಿದೆ. ಬಗ್ಗಿದೆ. ಮುಖಕ್ಕೆ ಹೊಡೀತು."

ಅಬೆಲೀನ ತಿರುಗಿದಳು.

"ಮಿರ್ತಾ, ಕರೆದದ್ದು ನಿಜವಾ?"

"ನಿಜ. ಫಬ್ರಿಸಿಯೊ ಎದ್ದು ಬಂದು, 'ಮೇಷ್ಟ್ರನ್ನ ಕರಿ, ಮೀನು ಅವರೇ ತಿರುವಲಿ, ಪ್ರೀತಿಯಿಂದ ಕರಿ' ಅಂದ. ನಾನು..."

ತಾನು ಹೇಳಿದ್ದೇನೆಂಬುದು ಅವಳಿಗೆ ಆಗ ಹೊಳೆದಿರಬೇಕು. ಬಾಯಿ ತೆರೆದೇ ಇತ್ತು. ಕೈ ಮಾತ್ರ ಅಂಗಿಯ ಅಂಚನ್ನು ತಿರುಚುತ್ತಿತ್ತು.

ಗಿಡ ಓದಿದವನು. ಹಸಿ ಕೊಂಬೆಯ ತುದಿಯಲ್ಲಿ ಬಿಳಿ ಹಾಲು ನೊರೆಯುವುದನ್ನು ಮೊಳ ದೂರದಿಂದ ಕಂಡು, ಗುರುತು ಹಿಡಿದು, ಮೇಷ್ಟರನ್ನು ಆ ಜಾಗಕ್ಕೆ ಕರೆಸಿದವನು. ಅವನ ಕಣ್ಣಿನಲ್ಲಿ ಒಂದು ಕೆಂಪು ನರವೂ ಇಲ್ಲದ್ದು ಯಾಕೆಂದು ಅಬೆಲೀನಳಿಗೆ ಈಗ ತಿಳಿಯಿತು.

"ಇಲ್ಲ," ಎಂದಳು ಮಿರ್ತಾ, ಇದ್ದಕ್ಕಿದ್ದಂತೆ, ಜೋರಾಗಿ. "ಅವನೇನೂ ಹೇಳಲಿಲ್ಲ. ತಪ್ಪಿ ಹೇಳ್ದೆ. ನಾನೇ ಕರೆದದ್ದು. ಅವನು ಆಗ ನೀರಿನ ಹತ್ರ ಇದ್ದ."

"ಎರಡರಲ್ಲಿ ಯಾವುದು?"

"ಎರಡನೇದು. ನಾನೇ ಕರೆದೆ."

ತೂಗುಮಂಚದಿಂದ ಒಂದು ಸದ್ದು ಬಂತು. ಮೊದಲು ಅದು ಕೆಮ್ಮು ಎಂದುಕೊಂಡಳು ಅಬೆಲೀನ. ಮೇಷ್ಟರು ನಗುತ್ತಿದ್ದರು; ನಗುತ್ತಿರುವಾಗಲೇ ಪಟ್ಟಿಯ ಅಂಚು ಒದ್ದೆಯಾಗುತ್ತಿತ್ತು.

"ಮೊದಲನೇದು ನಿಜ, ಅಬೆಲೀನ. ಎರಡನೇದು ಅವನಿಗೋಸ್ಕರ. ನನ್ನನ್ನ ಕುರುಡು ಮಾಡಿದ್ದು ತಾನೇ ಅಂತ ಒಪ್ಕೊಂಡು ಜೈಲಿಗೆ ಹೋಗೋಕೂ ತಯಾರು ಅವಳು, ಅವನಿಗೋಸ್ಕರ! ನೋಡು. ನೀನು ನೋಡು, ನನಗೆ ಕಾಣಲ್ಲ. ಹೇಗಿದೆ ಅವಳ ಮುಖ ಈಗ? ಚೆನ್ನಾಗಿದೆಯಾ?"

ಅಬೆಲೀನ ಮಿರ್ತಾಳಿಂದ ಕಣ್ಣು ತೆಗೆದು ಅಂಗಳದ ಕಡೆ ನೋಡಿದಳು.

ಮೇಷ್ಟರು ನಿಧಾನವಾಗಿ ಕಾಲು ಕೆಳಗಿಟ್ಟು ನೇರ ಕೂತರು. ಧ್ವನಿ ಬದಲಾಗಿತ್ತು. ಪೊಚೊತೆ ಮರದ ಕೆಳಗೆ ಉಕ್ತಲೇಖನ ಹೇಳುವ ಧ್ವನಿ ಅದು.

"ಬರ್ಕೋ, ಅಬೆಲೀನ. ಕೊಂಬೆ ಕಡಿದದ್ದು ಫಬ್ರಿಸಿಯೊ ಸೊಲೋರ್ಸನೊ. ಬೆಂಕಿಗೆ ಹಾಕಿದ್ದೂ ಅವನೇ. ಈ ಹೆಗಲು ನಾನು ಅವನನ್ನ ತಡೆಯೋಕೆ ಹೋದಾಗ ಆದದ್ದು. ನಾನು ಕಣ್ಣಾರೆ ನೋಡಿದೀನಿ."

"ಮೇಷ್ಟ್ರೇ! ಈಗ ತಾನೆ ನನ್ನೆದುರಿಗೆ ಒಪ್ಕೊಂಡ್ರಿ."

"ಯಾರು ಕೇಳಿದ್ರು?"

"ನಾನು ಕೇಳಿದೆ."

"ನೀನು ನನ್ನ ಶಿಷ್ಯೆ. ಅವನ ಕಡೆ ವಕೀಲ ಇರ್ತಾನೆ, ನನ್ನ ಕಡೆ ಈ ಇಡೀ ಕರಾವಳಿ ಇರತ್ತೆ. ವಾರವಾರ ರೇಡಿಯೊದಲ್ಲಿ ನನ್ನ ಧ್ವನಿ ಕೇಳಿ ನಂಬಿದ ಜನ. ನಿನ್ನೊಬ್ಬಳ ಮಾತು ಯಾರು ಕೇಳ್ತಾರೆ? ಇನ್ನೊಬ್ಬ ಸಾಕ್ಷಿ ಬೇಕು ನಿನಗೆ."

ಇನ್ನೊಬ್ಬ ಸಾಕ್ಷಿ ಅಲ್ಲೇ ನಿಂತಿದ್ದಳು. ಅವಳು ಕೇಳಿದೆ ಎಂದರೆ ಗಂಡ ಜೈಲಿಗೆ, ಎರಡೂ ಕಣ್ಣು ಕಟ್ಟಿಕೊಂಡೇ. ಕೇಳಲಿಲ್ಲ ಎಂದರೆ ಫಬ್ರಿಸಿಯೊ, ಕಡಿಯದ ಕೊಂಬೆಗಾಗಿ.

"ಮಿರ್ತಾ," ಅಬೆಲೀನ ಹತ್ತಿರ ಹೋದಳು. "ಇವರು ಹೇಳಿದ್ದು ನಿಮಗೆ ಕೇಳಿಸ್ತು ತಾನೆ?"

ಮಿರ್ತಾ ಗಂಡನ ಕಡೆ ನೋಡಲಿಲ್ಲ. ರಸ್ತೆಯ ಕಡೆ, ಠಾಣೆಯಿರುವ ಕಡೆ ನೋಡಿದಳು. ಆಮೇಲೆ ಬೋಗುಣಿ ಎತ್ತಿ ಕೊಳೆನೀರನ್ನು ಅಂಗಳಕ್ಕೆ ಚೆಲ್ಲಿದಳು.

"ಇಬ್ಬರೂ ನನ್ನ ಬಾಯನ್ನ ಬಳಸ್ಕೊಂಡ್ರು," ಎಂದಳು. "ಒಬ್ಬನಿಗೆ ನಾನು ನಗೋಕೆ ಬೇಕಿದ್ದೆ, ಇನ್ನೊಬ್ಬನಿಗೆ ಕೂಗೋಕೆ. ಫಬ್ರಿಸಿಯೊನ ಇಲ್ಲಿಗೆ ಕರ್ಕೊಂಡು ಬನ್ನಿ. ಪ್ರೀತಿಯಿಂದ ಕರಿ ಅಂತ ಯಾಕಂದೆ ಅಂತ ಅವನನ್ನ ಕೇಳಬೇಕು ನಾನು, ಇವರ ಮುಂದೇನೇ. ಅವನು ಏನು ಹೇಳ್ತಾನೆ ನೋಡಿ, ಆಮೇಲೆ ಹೇಳ್ತೀನಿ ನಿಮಗೆ, ನನಗೇನು ಕೇಳ್ಸಿತು, ಏನು ಕೇಳ್ಸಲಿಲ್ಲ ಅಂತ."

ಹಾಗೆಂದು ಅವಳು ಒಳಗೆ ಹೋದಳು. ಕೋಣೆಯಲ್ಲಿ ಪೆಟ್ಟಿಗೆ ತೆರೆದ ಸದ್ದಾಯಿತು, ಬಟ್ಟೆ ಕೊಡವಿದ ಸದ್ದಾಯಿತು.

ತೂಗುಮಂಚದಲ್ಲಿ ಕೂತ ಕುರುಡು ಮುಖ ಆ ಸದ್ದಿನ ಕಡೆಗೆ ಹೊರಳಿತು.

"ಅಬೆಲೀನ," ಎಂದರು ಮೇಷ್ಟರು ಪಿಸುದನಿಯಲ್ಲಿ. "ಯಾವ ಅಂಗಿ ತೆಗೀತಿದಾಳೆ ಅವಳು?"